ಪ್ರಣಯಕಥೆಗೊಂದು ಹತ್ಯೆಯ ಉತ್ತರಭಾಗ

ಆಂಗ್ಲ ಲೇಖಕಿ ಜೇನ್ ಆಸ್ಟೆನ್ನರ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಎಲಿಜಬೆತ್-ಡಾರ್ಸಿಯರ ವಿವಾಹದಿಂದ ಮಂಗಳಾಂತವಾಗುವುದಷ್ಟೆ. ಆ ದಂಪತಿಗಳ ಮನೆಯ ವನದೊಳಗೆ ಶವವೊಂದನ್ನು ತಂದಿರಿಸುವುದು ಸಾಹಸವೇ ಸರಿ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಪಿ. ಡಿ. ಜೇಮ್ಸರು ತಮ್ಮ 91ನೆಯ ವಯಸ್ಸಿನಲ್ಲಿ, 2011ರಲ್ಲಿ, ‘ಡೆತ್ ಕಮ್ಸ್ ಟು ಪೆಂಬರ್ಲಿ’ಯಿಂದ ಆ ಸಾಹಸವನ್ನೆಸಗಿದರು.

ಕಥೆಯ ಕಾಲ 1803. ನೃತ್ಯೋತ್ಸವದ ಹಿಂದಿನ ರಾತ್ರಿ ಕ್ಯಾಪ್ಟನ್ ಡೆನ್ನಿ ಹತನಾಗುತ್ತಾನೆ. ಶವದ ಬಳಿ ವಿಕಮನು ಸಿಕ್ಕಿಬೀಳುತ್ತಾನೆ. ಶೃಂಗಾರವು ಅಂಗಿರಸವಾಗಿದ್ದ ಲೋಕಕ್ಕೆ ಭಯಾನಕವು ಹೊಂದೀತೇ ಎಂದು ಸಹೃದಯರು ಶಂಕಿಸಬಹುದು. ಆದರೆ ವಿವಾಹಾನಂತರದಲ್ಲಿ ಕರುಣವನ್ನು ಹರಿಸಿದ ಭವಭೂತಿಯ ಉತ್ತರರಾಮಚರಿತವನ್ನು ಮೆಚ್ಚುವ ನಾವು ರಸಾಂತರವನ್ನೇ ದೋಷವೆನ್ನಲಾಗದು. ರಸಭಂಗಕ್ಕೆ ಅನೌಚಿತ್ಯವೇ ಕಾರಣವೆಂಬುದು ಆನಂದವರ್ಧನನ ನಿರ್ಣಯ. ಜೇಮ್ಸರು ವಿಕಮನ ಸ್ವಭಾವವನ್ನು ಕೆಡಿಸಿಲ್ಲ. ಅವನು ವಂಚಕನೇ ಹೊರತು ಕೊಲೆಗಡುಕನಲ್ಲ. ಮೊದಲ ನೋಟದ ತೀರ್ಪು ನಂಬತಕ್ಕದ್ದಲ್ಲವೆಂಬ ಮೂಲದ ತತ್ತ್ವವೇ ಇಲ್ಲಿಯೂ ನಿಂತಿದೆ. ಇದು ಔಚಿತ್ಯ.

ಎಲಿಜಬೆತಳ ಗತಿಯೇನು? ವಾಕ್ಚಾತುರ್ಯದಿಂದ ಡಾರ್ಸಿಯ ಗರ್ವವನ್ನು ಮುರಿದವಳು ಇಲ್ಲಿ ಬಹುಮಟ್ಟಿಗೆ ಮೌನಿ. ವಿಚಾರಣೆಯ ಭಾರವೆಲ್ಲ ಪುರುಷರದು. ಕೊಲೆಯ ಗುಟ್ಟು ಬಯಲಾಗುವಷ್ಟರಲ್ಲಿ ನಾಯಿಕೆಯ ನಗೆ ಮಾಯವಾಗಿರುತ್ತದೆ. ಚೆಲ್ಲಿದ ರಕ್ತಕ್ಕಿಂತ ಈ ಮೌನವೇ ನಮ್ಮನ್ನು ಹೆಚ್ಚು ನೋಯಿಸುವುದು. ಉತ್ತರಕಥೆಗೆ ಕೈಯಿಕ್ಕುವವರು ಘಟನೆಯನ್ನು ಹೂಡುವ ಮುನ್ನ ಪಾತ್ರದ ವಾಣಿಯನ್ನು ವಶಮಾಡಿಕೊಳ್ಳತಕ್ಕದ್ದು.