‘ಸಾಕು’ ಎಂಬ ಮಾತು: ಜೀವನತೃಪ್ತಿಯ ಅಳತೆಯನ್ನು ಕುರಿತು ಒಂದು ವಿಮರ್ಶೆ

ಮನುಷ್ಯರ ಜೀವನತೃಪ್ತಿಯನ್ನು ಅಂಕಿಗಳಿಂದ ಅಳೆದು, ಸಂಪನ್ನ ರಾಷ್ಟ್ರಗಳನ್ನೂ ಬಡ ರಾಷ್ಟ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕ ಶಾಸ್ತ್ರವೊಂದು ಈಚಿನ ಅರುವತ್ತು ವರ್ಷಗಳಲ್ಲಿ ಬೆಳೆದು ಬಂದಿದೆ. ಆ ಶಾಸ್ತ್ರದ ಬಲಾಬಲಗಳನ್ನು ರಾಯಚೂರು ಸೀಮೆಯ ಒಂದೆರಡು ನಿದರ್ಶನಗಳ ಬೆಳಕಿನಲ್ಲಿ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಅಳತೆಯ ಕ್ರಮವು ಸರಳವಾದುದು. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ವಿದ್ವಾಂಸನು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಏಣಿಯೊಂದನ್ನು ಕಲ್ಪಿಸಿದನು. ತನಗೆ ಸಾಧ್ಯವೆಂದು ತೋರುವ ಅತ್ಯುತ್ತಮ ಜೀವನವು ಅದರ ತುದಿ, ಅತ್ಯಂತ ಹೀನವಾದುದು ಅದರ ಬುಡ; ಸೊನ್ನೆಯಿಂದ ಹತ್ತರವರೆಗಿನ ಮೆಟ್ಟಿಲುಗಳಲ್ಲಿ ತಾನು ಎಲ್ಲಿ ನಿಂತಿರುವೆನೆಂದು ಪ್ರತಿಯೊಬ್ಬನೂ ಹೇಳತಕ್ಕದ್ದು. ಅಂದಿನ ಗಣನೆಯಲ್ಲಿ ಅಮೆರಿಕ 6.6, ಪಶ್ಚಿಮ ಜರ್ಮನಿ 5.3, ನೈಜೀರಿಯ 4.8, ಭಾರತ 3.7 ಅಂಕಗಳನ್ನು ಪಡೆದುವು. ಜರ್ಮನಿಗಿಂತ ಎಷ್ಟೋ ಮಡಿ ಬಡದೇಶವಾಗಿದ್ದ ನೈಜೀರಿಯವು ಅದರ ಸಮೀಪದಲ್ಲಿಯೇ ನಿಂತಿದ್ದುದನ್ನು ಕಂಡು ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞನು 1974ರಲ್ಲಿ, ದೇಶದ ಐಶ್ವರ್ಯವು ಹೆಚ್ಚಿದ ಮಾತ್ರಕ್ಕೆ ಜನರ ಸುಖವು ಹೆಚ್ಚುವುದೇ ಎಂಬ ಸಂಶಯವನ್ನು ಎತ್ತಿದನು. ಆದರೆ 2008ರಲ್ಲಿ ಆಂಗಸ್ ಡೀಟನ್ನನು ನೂರಕ್ಕೂ ಮೇಲ್ಪಟ್ಟ ದೇಶಗಳ ಉತ್ತರಗಳನ್ನು ಹೋಲಿಸಿ, ವರಮಾನವು ಇಮ್ಮಡಿಯಾದಂತೆಲ್ಲ ಏಣಿಯ ಮೇಲಿನ ಸ್ಥಾನವು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಏರುವುದೆಂದು ತೋರಿಸಿದನು. ಇದೇ ಏಣಿಯನ್ನು ಆಧರಿಸಿದ 2024ರ ಜಾಗತಿಕ ಸಂತೋಷ ವರದಿಯಲ್ಲಿ 143 ದೇಶಗಳ ಪೈಕಿ ಫಿನ್ಲೆಂಡಿಗೆ ಮೊದಲನೆಯ ಸ್ಥಾನವೂ ಭಾರತಕ್ಕೆ 126ನೆಯ ಸ್ಥಾನವೂ ದೊರೆತುವು.

ಈ ಅಂಕಿಗಳಿಂದ ಒಂದು ಉಪಕಾರವಾಗಿದೆಯೆಂಬುದನ್ನು ಮೊದಲೇ ಒಪ್ಪಬೇಕು. ಬಡವನು ಅಲ್ಪತೃಪ್ತನು, ಆತನ ಗುಡಿಸಲಿನಲ್ಲಿರುವ ನೆಮ್ಮದಿ ಅರಮನೆಯಲ್ಲಿಲ್ಲ ಎಂದು ಹೊಟ್ಟೆ ತುಂಬಿದವರು ಆಡುತ್ತ ಬಂದ ಮಾತಿಗೆ ಇವು ತಕ್ಕ ಉತ್ತರವಾಗಿವೆ. ಬಡವರನ್ನೇ ಕೇಳಲಾಗಿ, ಅವರು ಕೆಳಗಿನ ಮೆಟ್ಟಿಲನ್ನು ತೋರಿಸಿದರು.

ಆದರೂ ಅಳತೆಯಲ್ಲಿ ಒಂದು ದೋಷವುಂಟು. ಅದನ್ನು ನಮ್ಮ ನುಡಿಯ ‘ಸಾಕು’ ಎಂಬ ಮಾತಿನಿಂದಲೇ ತಿಳಿಯಬಹುದು. ಉಂಡು ತೇಗಿದವನು ಎಲೆಯ ಮೇಲೆ ಕೈ ಅಡ್ಡಹಿಡಿದು ‘ಸಾಕು’ ಎನ್ನುವನು. ದುಡಿದು ಬಸವಳಿದವನೂ ‘ಸಾಕು’ ಎಂದೇ ನಿಟ್ಟುಸಿರಿಡುವನು. ಇದಲ್ಲದೆ, ಬೇಡಿ ಬೇಡಿ ದೊರೆಯದೆ ಬೇಡುವುದನ್ನೇ ಬಿಟ್ಟವನು ಇದ್ದಷ್ಟಕ್ಕೆ ‘ಸಾಕು’ ಎನ್ನುವುದುಂಟು. ಏಣಿಯ ಪ್ರಶ್ನೆಗೆ ಮೊದಲನೆಯವನೂ ಕೊನೆಯವನೂ ಒಂದೇ ಮೆಟ್ಟಿಲನ್ನು ತೋರಿಸಬಹುದು.

ಇದು ಬರಿಯ ಊಹೆಯಲ್ಲ. ಬಂಗಾಳದ ಮಹಾಕ್ಷಾಮದ ಮರುವರ್ಷ, ಎಂದರೆ 1944ರಲ್ಲಿ, ಕಲಕತ್ತೆಯ ಬಳಿಯ ಸಿಂಗೂರಿನಲ್ಲಿ ಆರೋಗ್ಯದ ವಿಚಾರಣೆ ನಡೆಯಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮ್ಮ ಆರೋಗ್ಯವು ಸರಿಯಾಗಿಲ್ಲವೆಂದರು; ವಿಧವೆಯರಲ್ಲಿ ಹಾಗೆಂದವರು ನೂರಕ್ಕೆ 2.5 ಮಾತ್ರ. ವಿಧವೆಯರ ಬಾಳು ಅಷ್ಟು ಆರೋಗ್ಯಕರವಾಗಿದ್ದಿತೆಂದು ಯಾರೂ ನಂಬಲಾರರು. ದೂರುವ ಅಧಿಕಾರವೇ ತಮಗಿಲ್ಲವೆಂದು ಕಲಿತವರ ಉತ್ತರವದು. ಅಮರ್ತ್ಯ ಸೇನರು ಈ ಅಂಕಿಗಳನ್ನು ಮತ್ತೆ ಮತ್ತೆ ಎತ್ತಿ ತೋರಿಸಿರುವುದು ಇದೇ ಕಾರಣದಿಂದ.

ಹಾಗಾದರೆ ನಿಜವಾದ ತೃಪ್ತಿಯ ಲಕ್ಷಣವೇನು? ಇದಕ್ಕೆ ಉತ್ತರವು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆನ್ನಲಾದ, ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆಯಲ್ಲಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದಳು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಹೆಚ್ಚಿನ ಅಕ್ಕಿ ಮನೆಯೊಳಗೆ ಬಂದಿದ್ದಿತು. ಕೈಗೆ ಬಂದುದನ್ನು ನಿರಾಕರಿಸಿದುದರಿಂದಲೇ ಆಕೆಯ ‘ಸಾಕು’ ಎಂಬುದು ಮೌಲ್ಯವಾಯಿತು. ಅಕ್ಕಿಯೇ ಇಲ್ಲದ ಮನೆಯಲ್ಲಿ ಅದೇ ಮಾತನ್ನು ಆಡಿದ್ದರೆ ಅದು ನಿರುಪಾಯವಾಗುತ್ತಿತ್ತು.

ಈಗ ಮಸ್ಕಿ ತಾಲೂಕಿಗೆ ಸೇರಿರುವ ಪಾಮನಕಲ್ಲೂರಿನ ನಿದರ್ಶನವು ಇದರ ಇನ್ನೊಂದು ಮುಖವನ್ನು ತೋರಿಸುವುದು. ನೆರೆಯ ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಬತ್ತದ ಗದ್ದೆಗಳು ಹಬ್ಬಿವೆ. ಈ ಕಡೆಯ ಹೊಲಗಳಲ್ಲಿ ಬಹುಭಾಗ ಮಳೆಯನ್ನೇ ನಂಬಿದವು. ಕೃಷ್ಣೆಯ ನಾರಾಯಣಪುರ ಬಲದಂಡೆಯ 5ಎ ಕಾಲುವೆಯಿಂದ ತಮ್ಮ ಹೊಲಗಳಿಗೆ ನೀರು ಹರಿಸಬೇಕೆಂದು 2020ರ ಕೊನೆಯಲ್ಲಿ ರೈತರು ಪಾಮನಕಲ್ಲೂರಿನಲ್ಲಿ ಧರಣಿಗೆ ಕುಳಿತು, 2021ರಲ್ಲಿಯೂ ಅದನ್ನು ಮುಂದುವರಿಸಿದರು. ಅಂದು ಯಾರಾದರೂ ಏಣಿಯನ್ನು ಹಿಡಿದು ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸೋಣ. ಏಣಿಯ ತುದಿಯನ್ನು ಅವರವರೇ ಕಲ್ಪಿಸಿಕೊಳ್ಳಬೇಕಷ್ಟೆ. ಕಾಲುವೆಯನ್ನು ಕಾಣದವನ ತುದಿ ಗಿಡ್ಡವಾದುದು. ಒಂದು ಒಳ್ಳೆಯ ಮಳೆಗಾಲವೇ ಆತನ ಸ್ವರ್ಗ. ಪಕ್ಕದ ಊರಿನ ನೀರನ್ನು ಕಂಡು, ಅದು ತನಗೂ ಸಲ್ಲತಕ್ಕದ್ದೆಂದು ಅರಿತವನ ತುದಿ ಮೇಲಕ್ಕೆ ಬೆಳೆಯುವುದು. ಬಾಳು ಮೊದಲಿದ್ದಂತೆಯೇ ಇದ್ದರೂ ಆತನ ಅಂಕವು ಇಳಿಯುವುದು. ಪಟ್ಟಿಯನ್ನು ಓದುವವರಿಗೆ ಅದು ಅವನತಿಯಾಗಿ ಕಂಡೀತು. ವಾಸ್ತವವಾಗಿ ಅದು ಕಣ್ಣು ತೆರೆದುದರ ಗುರುತು.

ಇನ್ನು ಮೌಲ್ಯಗಳ ವಿಚಾರ. 1977ರಲ್ಲಿ ರಾನಲ್ಡ್ ಇಂಗಲ್‌ಹಾರ್ಟನು, ಹೊಟ್ಟೆಬಟ್ಟೆಯ ಚಿಂತೆ ತೀರಿದ ಪೀಳಿಗೆಯಲ್ಲಿ ಸ್ವಾತಂತ್ರ್ಯ, ಆತ್ಮಪ್ರಕಾಶನ ಮೊದಲಾದ ಮೌಲ್ಯಗಳು ತಲೆಯೆತ್ತುವುವೆಂದು ಪ್ರತಿಪಾದಿಸಿದನು. 1981ರಲ್ಲಿ ಮೊದಲಾದ ವಿಶ್ವಮೌಲ್ಯ ಸಮೀಕ್ಷೆಯು ಇದಕ್ಕೆ ಅನೇಕ ದೇಶಗಳಿಂದ ಆಧಾರಗಳನ್ನು ಒದಗಿಸಿತು. ಸರಾಸರಿಯ ಮಟ್ಟಿಗೆ ಈ ವಾದವನ್ನು ತಳ್ಳಿಹಾಕಲಾಗದು. ಲಕ್ಕಮ್ಮನೊಬ್ಬಳ ಕಥೆಯಿಂದ ಸಹಸ್ರಾರು ಜನರ ಉತ್ತರಗಳು ಸುಳ್ಳಾಗುವುದಿಲ್ಲ. ಆದರೆ ಉನ್ನತ ಮೌಲ್ಯಗಳು ಐಶ್ವರ್ಯದ ಹಿಂದೆಯೇ ಬರತಕ್ಕವೆಂಬ ನಿಯಮವನ್ನು ಇದರಿಂದ ತೆಗೆಯುವುದು ಸರಿಯಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನು ನಾವು ಅಶೋಕನ ಹೆಸರಿಗಾಗಿಯೇ ಹೆಚ್ಚಾಗಿ ನೆನೆಯುತ್ತೇವೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಎಂದು ಬಗೆಯಬಾರದು, ಸಣ್ಣವರಿಗೂ ಅದು ಲಭ್ಯವೆಂಬ ಅದರ ಅಭಿಪ್ರಾಯವನ್ನೂ ನೆನೆಯಬೇಕು. ಪಾಮನಕಲ್ಲೂರಿನ ರೈತರು ಕೇಳಿದ್ದು ನೀರು, ಎಂದರೆ ಹೊಟ್ಟೆಯ ಮಾತು; ಒಗ್ಗಟ್ಟಾಗಿ ಕುಳಿತು ಸರಕಾರವನ್ನು ಕೇಳಿದ ರೀತಿಯು ಸ್ವಾತಂತ್ರ್ಯದ ಮಾತು. ಎರಡೂ ಒಂದೇ ಚಪ್ಪರದಡಿಯಲ್ಲಿ ನಡೆದುವು.

ಆದಕಾರಣ ಈ ಶಾಸ್ತ್ರವನ್ನು ಬಿಡಬೇಕಾಗಿಲ್ಲ, ತಿದ್ದಬೇಕಾಗಿದೆ. ಎಷ್ಟನೆಯ ಮೆಟ್ಟಿಲಿನಲ್ಲಿರುವೆ ಎಂದು ಕೇಳಿದವರು, ಏಣಿಯ ತುದಿಯಲ್ಲಿ ಏನನ್ನು ಕಂಡೆ, ಯಾವುದನ್ನು ಬಯಸುವುದನ್ನು ಬಿಟ್ಟೆ, ಅದು ದೊರೆತಿದ್ದೂ ಬಿಟ್ಟೆಯೋ ದೊರೆಯದೆಂದು ಬಿಟ್ಟೆಯೋ ಎಂಬುದನ್ನೂ ಕೇಳತಕ್ಕದ್ದು. ಲಕ್ಕಮ್ಮನ ‘ಸಾಕು’ ಎಂಬುದನ್ನೂ ಸಿಂಗೂರಿನ ವಿಧವೆಯರ ಮೌನವನ್ನೂ ಒಂದೇ ಅಂಕಿಯಲ್ಲಿ ಬರೆಯುವವರೆಗೆ, ಆ ಪಟ್ಟಿಯಲ್ಲಿ ನಮ್ಮ ಸ್ಥಾನವು ಏರಿದರೆ ಹಿಗ್ಗಲೂ ಇಳಿದರೆ ಕುಗ್ಗಲೂ ಸಾಕಷ್ಟು ಕಾರಣವಿರುವುದಿಲ್ಲ.