ಅಂಗಡಿಯ ಕಂಪ್ಯೂಟರಿನಲ್ಲಿ ಬಂದಿಯಾದ ಅಕ್ಷರಗಳು

ಕಂಪ್ಯೂಟರ್ ಕೈಕೊಟ್ಟಾಗ ಅದರ ಮುಂದೆ ಕುಳಿತವರನ್ನು ದೂರುವುದು ವಾಡಿಕೆ. ‘ಅವನಿಗೆ ಕಂಪ್ಯೂಟರ್ ಸರಿಯಾಗಿ ಬರುವುದಿಲ್ಲ’ ಎಂದರೆ ಮಾತು ಮುಗಿಯಿತು. ಆದರೆ ನಮ್ಮ ನಿತ್ಯದ ಕಿರಿಕಿರಿಗಳಲ್ಲಿ ಎಷ್ಟು ಪಾಲು ಬಳಸುವವರ ಅಜ್ಞಾನದಿಂದ ಬಂದದ್ದು, ಎಷ್ಟು ಪಾಲು ದೂರದಲ್ಲೆಲ್ಲೋ ಕುಳಿತವರ ತೀರ್ಮಾನಗಳಿಂದ ಬಂದದ್ದು ಎಂಬುದನ್ನು ಯಾರಾದರೂ ವಿಚಾರಿಸಿದ್ದಾರೆಯೇ?

ಹುಬ್ಬಳ್ಳಿಯ ದುರ್ಗದಬೈಲಿನಂಥ ಹಳೆಯ ಪೇಟೆಯಲ್ಲಿ ಇದನ್ನು ವಿಚಾರಿಸಲು ಒಂದು ನಿಕಾಹ್ ಪತ್ರಿಕೆ ಸಾಕು. ಮೇಲೆ ಅರಬಿಯಲ್ಲಿ ಬಿಸ್ಮಿಲ್ಲಾಹ್, ಬಲಕ್ಕೆ ಉರ್ದು, ಎಡಕ್ಕೆ ಕನ್ನಡ, ಕೆಳಗೆ ಇಂಗ್ಲಿಷಿನಲ್ಲಿ ವಿಳಾಸ. ನೋಡಲು ಒಂದೇ ಹಾಳೆ. ಆದರೆ ಹಲವು ವರ್ಷಗಳ ಕಾಲ ಅದರ ಉರ್ದು ಇನ್‌ಪೇಜ್‌ನಲ್ಲಿ ಹುಟ್ಟಿತು, ಕನ್ನಡ ನುಡಿಯಲ್ಲೋ ಬರಹದಲ್ಲೋ ಮೂಡಿತು, ಎರಡೂ ಕೂಡಿದ್ದು ಪೇಜ್‌ಮೇಕರ್‌ನಲ್ಲೋ ಕೋರೆಲ್‌ಡ್ರಾದಲ್ಲೋ. ಅಣ್ಣನ ಮದುವೆಯ ಪತ್ರಿಕೆಯನ್ನೇ ಸ್ವಲ್ಪ ತಿದ್ದಿ ತಂಗಿಯ ಮದುವೆಗೆ ಬಳಸೋಣವೆಂದು ಹೋದವರಿಗೆ ಸಿಗುವ ಉತ್ತರ ಒಂದೇ: “ಹೊಸಾ ಕಂಪ್ಯೂಟರ್‌ದಾಗ ಇದು ತೆರೆಯೂದಿಲ್ರೀ, ಮತ್ತ ಟೈಪ್ ಮಾಡಬೇಕು.”

ಹೀಗೇಕಾಗುತ್ತದೆ? 1990ರ ದಶಕದ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಅಕ್ಷರಗಳಿಗೆಂದು ಇದ್ದದ್ದು 256 ಮನೆಗಳು, ಅವುಗಳಲ್ಲಿ ವಾಸವಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳು. ನಮ್ಮ ತಂತ್ರಜ್ಞರು ಆ ಮನೆಗಳಲ್ಲೇ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಣುಕುಗಳನ್ನು ಕೂರಿಸಿದರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರದ ಬೆಂಬಲದೊಂದಿಗೆ ಕಚೇರಿಗಳನ್ನು ತಲುಪಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳುಗಳಿಗೆ ಒಗ್ಗಿತು. ಆ ಕಾಲಕ್ಕೆ ಇದು ದೊಡ್ಡ ಉಪಕಾರವೇ ಸರಿ.

ಆದರೆ ಆ ಕಡತದೊಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದ ವೇಷ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿ ಫಾಂಟ್ ಬದಲಿಸಿದರೆ ಇಂಗ್ಲಿಷಿನ ‘ಪಿ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ ಸಾಲಾಗಿ ನಿಲ್ಲುತ್ತವೆ! ಇಂಥ ಕಡತದಲ್ಲಿ ಒಂದು ಹೆಸರನ್ನು ಹುಡುಕುವುದು ಕಷ್ಟ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು ಇನ್ನೂ ಕಷ್ಟ.

ಉರ್ದುವಿನ ಕಥೆಯೂ ಬೇರೆಯಲ್ಲ. 1994ರಲ್ಲಿ ಬಂದ ಇನ್‌ಪೇಜ್ ನಸ್ತಾಲೀಕ್ ಲಿಪಿಯ ಸೊಬಗನ್ನು ಸಣ್ಣ ಅಂಗಡಿಯ ಮೇಜಿಗೂ ತಂದಿತು. ಆದರೆ ಅದರ ಆರಂಭದ ಆವೃತ್ತಿಗಳು ತಮ್ಮದೇ ಸಂಕೇತದಲ್ಲಿ ಅಕ್ಷರಗಳನ್ನು ಬಚ್ಚಿಟ್ಟವು. ಒಂದೇ ಓಣಿಯ ಎರಡು ಭಾಷೆಗಳು ಒಂದೇ ಬಗೆಯ ಬೀಗದೊಳಗೆ ಸಿಕ್ಕಿಕೊಂಡವು.

ಇದಕ್ಕೆ ಪರಿಹಾರ ಇರಲಿಲ್ಲವೇ? ಇತ್ತು. ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಅರಬಿ ಲಿಪಿಗೂ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನೂ ತಂದಿತು. ಆದರೆ ಅದೇ ವರ್ಷ ಬಂದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿಗೆ ಯೂನಿಕೋಡ್ ತಿಳಿಯದು. ಅದೇ ಕಂಪನಿಯ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ತಾನಾಗಿಯೇ ಸರಿಯಾಗಿ ಜೋಡಿಸಲು ಕಲಿತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಿನ ಹನ್ನೊಂದು ವರ್ಷ ಪುಟ ಕಟ್ಟುವವನು ಏನು ಮಾಡಬೇಕಿತ್ತು? ಹಳೆಯ ಫಾಂಟಿಗೇ ಅಂಟಿಕೊಂಡ. ಆ ಅವಧಿಯ ಎಷ್ಟೋ ಕಥಾಸಂಕಲನ, ಮಾಸಿಕ, ಸ್ಮರಣ ಸಂಚಿಕೆ, ಮದರಸಾದ ಪಠ್ಯ ಅದೇ ಬೀಗದೊಳಗೆ ಉಳಿದವು. ಅಂಗಡಿಯವನ ಅಜ್ಞಾನ ಇದಕ್ಕೆ ಕಾರಣವಲ್ಲ. ಕನ್ನಡದ ಗಿರಾಕಿಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ ವ್ಯಾಪಾರವೇ ಕಾರಣ.

ಈ ಸಾಲು ಇನ್ನೂ ಮುಗಿದಿಲ್ಲ. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಇಲ್ಲದ ಯಂತ್ರ, ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಕಂಪನಿಯ ಲೆಕ್ಕದಲ್ಲಿ ಅನರ್ಹ. ಕಂಪನಿಗೆ ‘ಹಳತು’ ಎನಿಸಿದ್ದು ಇಲ್ಲೊಂದು ಕುಟುಂಬದ ತುತ್ತು. ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತಾರು ಸಲ ಹೊಕ್ಕು ಹೊರಡುವ ಯಂತ್ರಕ್ಕೆ ಭದ್ರತೆಯ ಸಾಮಾನ್ಯ ತಿದ್ದುಪಡಿಗಳೂ ಇಲ್ಲವೆಂದರೆ ಹೇಗೆ? ಸ್ವತಂತ್ರ ತಂತ್ರಾಂಶವಾದ ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಒಳ್ಳೆಯದೇ, ಹಳೆಯ ಯಂತ್ರಕ್ಕೆ ಅದು ಮರುಜೀವ ಕೊಡುತ್ತದೆ. ಆದರೆ ಇಪ್ಪತ್ತು ವರ್ಷದ ಕಡತಗಳನ್ನು ಕಟ್ಟಿದ ಪೇಜ್‌ಮೇಕರ್ ಅದರಲ್ಲಿ ನೇರವಾಗಿ ಓಡುವುದಿಲ್ಲ ಎಂಬುದನ್ನು ಸಲಹೆ ಕೊಡುವವರು ಹೇಳುವುದಿಲ್ಲ.

ಹಾಗಾದರೆ ದಾರಿ? ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅವು ಎಡವುವುದುಂಟು, ಆದ್ದರಿಂದ ಕರಡು ತಿದ್ದಬಲ್ಲ ಕಣ್ಣುಗಳೂ ಬೇಕು. ಅದು ಕೂಲಿಯ ಕೆಲಸ, ಹಣ ಬೇಡುವ ಕೆಲಸ. ಪ್ರತಿ ನವೆಂಬರಿನಲ್ಲಿ ಭಾಷಾಭಿಮಾನಕ್ಕೆ ವೇದಿಕೆ ಕಟ್ಟುವ ಸರ್ಕಾರ, ಅಕಾಡೆಮಿಗಳು ಆ ಖರ್ಚಿನ ಒಂದು ಪಾಲನ್ನು ಈ ಕಡತಗಳಿಗೆ ಏಕೆ ಮೀಸಲಿಡಬಾರದು? ಉರ್ದು ಅಕಾಡೆಮಿಯೂ ಕನ್ನಡದ ಸಂಸ್ಥೆಗಳೂ ಈ ಒಂದು ಕೆಲಸದಲ್ಲಾದರೂ ಜೊತೆಗೂಡಬಹುದಲ್ಲವೇ?

ಓದುಗರು ಮಾಡಬಹುದಾದದ್ದೂ ಒಂದಿದೆ. ಪತ್ರಿಕೆಯನ್ನೋ ಪುಸ್ತಕವನ್ನೋ ಅಚ್ಚು ಹಾಕಿಸುವಾಗ, ಹಾಳೆಯ ಗುಣಮಟ್ಟ ವಿಚಾರಿಸುವಷ್ಟೇ ಸಹಜವಾಗಿ, ಅದರ ಪಠ್ಯವನ್ನು ಯೂನಿಕೋಡ್‌ನಲ್ಲಿ ಕೇಳಿ ಪಡೆಯಬೇಕು. ಕಂಪ್ಯೂಟರ್ ಇಂದಲ್ಲ ನಾಳೆ ಗುಜರಿಗೆ ಹೋಗುವಂಥದ್ದೇ. ಅದರೊಂದಿಗೆ ನಮ್ಮ ಬರವಣಿಗೆಯೂ ಗುಜರಿ ಸೇರಬೇಕಿಲ್ಲ.