ಗೇಣಿ ಮತ್ತು ಮತ: ಬ್ಯಾರಿಂಗ್ಟನ್ ಮೂರ್ ಕೃತಿಯ ಮರುಓದು

ಪ್ರಜಾಪ್ರಭುತ್ವ ಒಂದು ನೆಲದಲ್ಲಿ ಬೇರೂರುತ್ತದೆಯೇ ಎಂದು ತಿಳಿಯಬೇಕಾದರೆ ಸಂವಿಧಾನಕ್ಕಿಂತ ಮೊದಲು ಆ ದೇಶದ ಹೊಲಗದ್ದೆಗಳನ್ನು ನೋಡಬೇಕು. ಅಮೆರಿಕದ ಸಮಾಜವಿಜ್ಞಾನಿ ಬ್ಯಾರಿಂಗ್ಟನ್ ಮೂರ್ 1966ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಆರಿಜಿನ್ಸ್ ಆಫ್ ಡಿಕ್ಟೇಟರ್‌ಶಿಪ್ ಅಂಡ್ ಡೆಮಾಕ್ರಸಿ’ಯ ತಿರುಳು ಇದು. ಬೇಸಾಯ ಮಾರುಕಟ್ಟೆಗೆ ತೆರೆದುಕೊಂಡಾಗ ಒಡೆಯ ಏನು ಮಾಡಿದ, ಒಕ್ಕಲು ಏನಾದ? ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ, ಚೀನಾ, ಜಪಾನ್, ಭಾರತ ಈ ಆರು ದೇಶಗಳ ಚರಿತ್ರೆಯನ್ನು ಮೂರ್ ಈ ಪ್ರಶ್ನೆ ಹಿಡಿದೇ ಶೋಧಿಸುತ್ತಾರೆ.

ಅವರ ಪ್ರಕಾರ ಆಧುನಿಕತೆಗೆ ಮೂರು ದಾರಿಗಳಿವೆ. ಜಮೀನ್ದಾರಿಕೆಯ ಹಿಡಿತ ಸಡಿಲಿ ಪಟ್ಟಣದ ವರ್ತಕ, ಉದ್ಯಮಿ ವರ್ಗ ಬಲವಾದಲ್ಲಿ ಸಂಸದೀಯ ವ್ಯವಸ್ಥೆ. ಭೂಮಾಲೀಕರು ಪ್ರಭುತ್ವದ ಬಲದಿಂದ ರೈತರನ್ನು ದುಡಿಸಿಕೊಂಡಲ್ಲಿ ಫ್ಯಾಸಿಸಂ. ರೈತರೇ ದಂಗೆಯೆದ್ದು ಹಳೆಯದನ್ನು ಕಿತ್ತೊಗೆದಲ್ಲಿ ಕಮ್ಯುನಿಸಂ.

ಈ ಚೌಕಟ್ಟಿನ ಬಲ ಆ ಆರು ದೇಶಗಳ ಪಟ್ಟಿಯಲ್ಲಿಲ್ಲದ ಜರ್ಮನಿಯಲ್ಲೂ ಗೊತ್ತಾಗುತ್ತದೆ. 1918ರಲ್ಲಿ ಗಣರಾಜ್ಯ ಬಂದರೂ ಎಲ್ಬೆ ನದಿಯ ಪೂರ್ವದ ಯುಂಕರ್ ಜಮೀನ್ದಾರರ ಎಸ್ಟೇಟುಗಳನ್ನು ಯಾರೂ ಮುಟ್ಟಲಿಲ್ಲ. 1932ರಲ್ಲಿ, ದಿವಾಳಿಯೆದ್ದ ಎಸ್ಟೇಟುಗಳಲ್ಲಿ ಭೂಹೀನರನ್ನು ನೆಲೆಗೊಳಿಸುವ ಯೋಜನೆ ಚಾನ್ಸಲರ್ ಬ್ರೂನಿಂಗ್ ಸರ್ಕಾರದ ಮುಂದಿತ್ತು. ಜಮೀನ್ದಾರರು ಇದು ಬೊಲ್ಶೆವಿಕರ ಕೆಲಸವೆಂದು ಹುಯಿಲೆಬ್ಬಿಸಿದರು. ಸ್ವತಃ ಪೂರ್ವ ಪ್ರಷ್ಯದಲ್ಲಿ ಎಸ್ಟೇಟು ಹೊಂದಿದ್ದ ಅಧ್ಯಕ್ಷ ಹಿಂಡೆನ್‌ಬರ್ಗ್ ಬ್ರೂನಿಂಗರನ್ನು ಕೆಳಗಿಳಿಸಿದರು. ಎಂಟು ತಿಂಗಳಲ್ಲಿ ಹಿಟ್ಲರ್ ಚಾನ್ಸಲರ್ ಆದ. ಗಣರಾಜ್ಯದ ಪತನಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಜಮೀನಿನ ಯಜಮಾನಿಕೆಯನ್ನು ಹಾಗೆಯೇ ಬಿಟ್ಟು ಮತಪೆಟ್ಟಿಗೆಯನ್ನಷ್ಟೇ ತಂದಿಟ್ಟರೆ ಆಗುವ ಅನಾಹುತವನ್ನು ಮೂರ್ ಸರಿಯಾಗಿಯೇ ಗುರುತಿಸಿದ್ದರು.

ಭಾರತದ ಅಧ್ಯಾಯದಲ್ಲಿ ಮಾತ್ರ ಅವರ ಲೆಕ್ಕ ತಪ್ಪುತ್ತದೆ. ಇಲ್ಲಿ ಕೈಗಾರಿಕಾ ಕ್ರಾಂತಿಯೂ ಆಗಿರಲಿಲ್ಲ, ರೈತ ಕ್ರಾಂತಿಯೂ ಆಗಿರಲಿಲ್ಲ. ಪ್ರಜಾಪ್ರಭುತ್ವ ಮಾತ್ರ ಬಂದಿತ್ತು. ಅದಕ್ಕೆ ತೆತ್ತ ಬೆಲೆ ಹಳ್ಳಿಗಳ ಜಡತೆ, ಹಸಿವು ಎನ್ನುತ್ತಾರೆ ಮೂರ್. ಜಾತಿ ನಮ್ಮ ರೈತರನ್ನು ಒಡೆದು ವಿಧೇಯರನ್ನಾಗಿಸಿತು ಎಂಬುದು ಅವರ ಇನ್ನೊಂದು ತೀರ್ಮಾನ.

ಸಾಗರ ತಾಲ್ಲೂಕಿನ ಕಾಗೋಡು ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಒಡೆಯರು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದಿತ್ತು. 1951ರಲ್ಲಿ ದೀವರ ಸಮುದಾಯದ ಗೇಣಿದಾರರು ಅದನ್ನು ಪ್ರಶ್ನಿಸಿದರು, ಒಡೆಯರು ಗೇಣಿ ಜಮೀನು ಬಿಡಿಸಿದಾಗ ಗದ್ದೆಗಿಳಿದು ಸತ್ಯಾಗ್ರಹ ಮಾಡಿದರು. ಈ ಗೇಣಿದಾರರನ್ನು ಸಂಘಟಿಸಿದ್ದವರು ಎಚ್. ಗಣಪತಿಯಪ್ಪ. ಸಮಾಜವಾದಿಗಳು ಬೆನ್ನಿಗೆ ನಿಂತರು, ಅವರ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ರೈತರನ್ನು ಒಡೆಯುತ್ತದೆ ಎಂದು ಮೂರ್ ಹೇಳಿದ ಜಾತಿಯೇ ಇಲ್ಲಿ ಗೇಣಿದಾರರನ್ನು ಒಗ್ಗೂಡಿಸಿತ್ತು. ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆ ಹೋರಾಟದ ಮುಂದಾಳು ಶಾಂತವೇರಿ ಗೋಪಾಲಗೌಡರು ಶಾಸಕರಾದರು.

ಎರಡು ದಶಕಗಳ ನಂತರ, ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಒಕ್ಕಲು ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರೆ ವಿಚಾರಣೆ ನಡೆಯುತ್ತಿತ್ತು. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ಧಣಿಯ ಎದುರು ತಲೆಯೆತ್ತಿ ‘ಈ ಗದ್ದೆ ಉಳುವವನು ನಾನು’ ಎಂದು ಒಕ್ಕಲು ಅಧಿಕಾರಿಯ ಮುಂದೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಕರಾವಳಿ, ಮಲೆನಾಡುಗಳಲ್ಲಿ ಒಡೆತನದ ಚಿತ್ರವೇ ಬದಲಾಯಿತು. ಭೂಮಿಯ ಸಂಬಂಧಗಳು ಪ್ರಜಾಪ್ರಭುತ್ವವನ್ನು ನಿರ್ಧರಿಸುತ್ತವೆ ಎಂಬುದು ಮೂರ್ ಕಂಡ ಸತ್ಯ. ಪ್ರಜಾಪ್ರಭುತ್ವವೂ ಆ ಸಂಬಂಧಗಳನ್ನು ಬದಲಿಸಬಲ್ಲದು ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ.

ಹಾಗೆಂದು ಅವರ ಪುಸ್ತಕವನ್ನು ಬದಿಗಿಡುವಂತಿಲ್ಲ. 1974ರ ಕಾಯ್ದೆ ಗೇಣಿದಾರನನ್ನು ಗುರುತಿಸಿತು. ಅದೇ ಗದ್ದೆಯಲ್ಲಿ ನಾಟಿ ಮಾಡಿದ, ಕೊಯ್ದ ಕೂಲಿಯಾಳನ್ನು ಗುರುತಿಸಲಿಲ್ಲ. ಹಲವು ಕಡೆ ದಲಿತರು ಭೂಹೀನರಾಗಿಯೇ ಉಳಿದರು. ಮಿತವಾದಕ್ಕೂ ಬಲಿಗಳಿರುತ್ತವೆ, ಅವು ಲೆಕ್ಕಕ್ಕೆ ಸಿಗುವುದಿಲ್ಲ ಎಂಬ ಮೂರ್ ಎಚ್ಚರಿಕೆ ಇಲ್ಲಿ ನಿಜವಾಗುತ್ತದೆ. ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿದ 2020ರ ತಿದ್ದುಪಡಿಯ ನಂತರವಂತೂ ಅವರ ಪ್ರಶ್ನೆ ಹಳತಾಗಿಲ್ಲ. ಭೂಮಿ ಯಾರ ಕೈ ಸೇರುತ್ತದೆಯೋ ಊರಿನ ಮಾತೂ ಅವರ ಕೈ ಸೇರುತ್ತದೆ. ಮೂರ್ ತೀರ್ಪುಗಳನ್ನು ನಾವು ತಿದ್ದಿಕೊಂಡು ಓದಬೇಕು. ಅವರ ಪ್ರಶ್ನೆಯನ್ನು ಮಾತ್ರ ಯಥಾವತ್ತಾಗಿ ನಮ್ಮ ಪ್ರತಿ ಭೂಕಾಯ್ದೆಯ ಮುಂದೆ ಇಡಬೇಕು.